ಜೇಬಿನ ಮಡಚೋ ಚಾಕುನಲ್ಲಿ ಹಣ್ಣು ಕುಯ್ಯೋದು, ತರಕಾರಿ ಹೆಚ್ಚೋದು: ಪೂರ್ತಿ ಗೈಡ್

ಬೆಂಗಳೂರಲ್ಲಿ ಮಡಚೋ ಚಾಕು ಇಟ್ಕೊಂಡಿರೋರಿಗೇನು ಕಮ್ಮಿ ಇಲ್ಲ, ಟ್ರೆಕ್ಕಿಂಗ್ ಹೋಗೋರು, ವೀಕೆಂಡ್ ಆದ್ರೆ ಬೈಕ್ ಎತ್ಕೊಂಡು ನಂದಿ ಬೆಟ್ಟಕ್ಕೆ ಹೊರಡೋರು, ಪಿಜಿಲಿರೋ ಹುಡುಗ್ರು ಹುಡುಗೀರು, ಆಫೀಸ್ ಡ್ರಾಯರ್‌ನಲ್ಲಿ ಒಂದು ಬಿಸಾಕಿರೋರು. ಆದ್ರೆ ಅದ್ರಲ್ಲಿ ಪಾರ್ಸಲ್ ಟೇಪ್ ಕುಯ್ಯೋದು ಬಿಟ್ರೆ ಬೇರೆ ಕೆಲಸ ಮಾಡ್ಸೋರು ತೀರಾ ಅಪರೂಪ. ಯಾಕಂದ್ರೆ ಒಂದ್ಸಲ ಯಾವಾಗ್ಲೋ ಈರುಳ್ಳಿ ಹೆಚ್ಚೋಕೆ ಹೋಗಿರ್ತಾರೆ, ಬೆರಳಿನ ಗೆಣ್ಣು ಹಲಗೆಗೆ ಬಡಿಯತ್ತೆ, ಹೋಳು ವಾರೆಕೋರೆ ಬರತ್ತೆ, ಇದು ಆಗೋ ಹೋಗೋ ಮಾತಲ್ಲ ಅಂತ ಮಡಚಿ ಒಳಗಿಟ್ಬಿಡ್ತಾರೆ. ಅಲ್ಲಿ ತಪ್ಪಿರೋದು ಹಿಡಿದಿರೋ ರೀತೀಲಿ. ಟಿವಿಲಿ ಹೋಟ್ಲು ಶೆಫ್‌ಗಳು ದೊಡ್ಡ ಚಾಕು ಹಿಡ್ಕೊಂಡು ಹಲಗೆ ಮೇಲೆ ಟಕಟಕ ಅಂತ ಹೆಚ್ತಾರಲ್ಲ, ಅದನ್ನ ನೋಡಿ ಇದ್ರಲ್ಲೂ ಹಂಗೇ ಮಾಡೋಕೆ ಹೋಗಿರ್ತಾರೆ. ನಮ್ಮ ಮನೆಗಳಲ್ಲಿ ಅಮ್ಮಂದಿರು ಅಜ್ಜೀರು ಟೊಮ್ಯಾಟೋನ ಅಂಗೈಯಲ್ಲೇ ಇಟ್ಕೊಂಡು ಚಿಕ್ಕ ಚಾಕಲ್ಲಿ ನೇರ ಬಾಣಲೆಗೇ ಹೆಚ್ಚಿ ಹಾಕ್ತಾರೆ, ಹಲಗೆ ಮುಖಾನೇ ನೋಡಲ್ಲ. ಜೇಬಿನ ಚಾಕು ಆ ಜಾತೀದು, ಕೈಯಲ್ಲಿ ಹೆಚ್ಚೋ ಚಾಕು. ಅಷ್ಟು ತಲೇಲಿ ಇಟ್ಕೊಂಡು ಮುಂದಕ್ಕೆ ಓದಿ.

ಯಾವ ಚಾಕು ಆಗತ್ತೆ, ಯಾವುದು ಆಗಲ್ಲ

ಚಾಕು ತಗೊಳೋವಾಗ ಎಲ್ರೂ ಉದ್ದ ನೋಡ್ತಾರೆ, ನೋಡ್ಬೇಕಾಗಿರೋದು ದಪ್ಪಾನ. ಅಲಗಿನ ಬೆನ್ನು, ಅಂದ್ರೆ ಹರಿತ ಇಲ್ದೇ ಇರೋ ಮೇಲ್ಗಡೆ ಭಾಗ, 2 ಮಿಲಿಮೀಟರ್ ಒಳಗಿದ್ರೆ ಊಟದ ಕೆಲಸಕ್ಕೆ ಚೆನ್ನಾಗಿ ಬರತ್ತೆ. ಆನ್‌ಲೈನ್‌ನಲ್ಲಿ ಕಪ್ಪು ಬಣ್ಣ ಬಳಿದು ಟ್ಯಾಕ್ಟಿಕಲ್ ಅಂತ ಮಾರ್ತಾರಲ್ಲ, ಅವುಗಳ ಬೆನ್ನು 3-4 ಮಿಲಿಮೀಟರ್ ಇರೋದುಂಟು, ಅಂಥದ್ರಲ್ಲಿ ಕ್ಯಾರೆಟ್ ಕುಯ್ಯೋಕೆ ಹೋದ್ರೆ ಅರ್ಧ ಇಳಿಯೋಷ್ಟರಲ್ಲಿ ಸೌದೆಗೆ ಬೆಣೆ ಹೊಡ್ದಂಗಾಗಿ ಕ್ಯಾರೆಟ್ ಚಟ್ ಅಂತ ಸೀಳಿ ಒಂದು ತುಂಡು ಫ್ರಿಜ್ ಕೆಳಗೆ ಹೋಗಿ ಕೂತ್ಕೊಳತ್ತೆ. ಚಾಕು ಎಷ್ಟೇ ಹರಿತ ಇರ್ಲಿ, ದಪ್ಪ ಅಂದ್ರೆ ದಪ್ಪಾನೇ. ಆ ಕಪ್ಪು ಬಣ್ಣ ಬೇರೆ ದಿನ ಕಳೆದಂಗೆ ಕೆರೆದು ಕೆರೆದು ಹೋಗತ್ತೆ, ಅದು ಎಲ್ಲಿಗೆ ಹೋಗತ್ತೆ ಅಂತ ಕೇಳ್ಬೇಡಿ.

ಈ ವಿಷಯ ಬಂದ್ರೆ ಎರಡು ಹೆಸರು ಬಂದೇ ಬರತ್ತೆ. ಒಂದು ಒಪಿನೆಲ್, ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ ಅನ್ನೋರು 1890ರಲ್ಲಿ ಶುರು ಮಾಡಿದ್ದು, ಬೀಚ್ ಮರದ ದುಂಡು ಹಿಡಿ, ತೆಳು ಅಲಗು, ಅಷ್ಟೇ. ಅದ್ರಲ್ಲಿ ನಂಬರ್ ಪ್ರಕಾರ ಸೈಜ್ ಬರತ್ತೆ, ನಂಬರ್ 8ರ ಅಲಗು 8.5 ಸೆಂಟಿಮೀಟರ್, ಊಟದ ಕೆಲಸಕ್ಕೆ ನನ್ನ ಲೆಕ್ಕದಲ್ಲಿ ಇದಕ್ಕಿಂತ ಸರಿಯಾದ ಸೈಜ್ ಇಲ್ಲ. ಹಿಡಿ ಕುತ್ತಿಗೆ ಹತ್ರ ಒಂದು ಲೋಹದ ಉಂಗುರ ಇರತ್ತೆ, ಅಲಗು ತೆಗೆದ ಮೇಲೆ ಅದನ್ನ ಒಂಚೂರು ತಿರುಗಿಸಿದ್ರೆ ಲಾಕ್, 1955ರಲ್ಲಿ ಬಂದ ಐಡಿಯಾ, ಈಗ್ಲೂ ಅದೇ ನಡೀತಿದೆ. ಇನ್ನೊಂದು ಸ್ವಿಸ್ ಚಾಕು, ವಿಕ್ಟೊರಿನಾಕ್ಸ್, ಕಾರ್ಲ್ ಎಲ್ಸೆನರ್ 1884ರಲ್ಲಿ ಇಟ್ಟ ವರ್ಕ್‌ಶಾಪ್‌ನಿಂದ ಬೆಳೆದಿದ್ದು, ಕೆಂಪು ಹಿಡಿ, ಓಪನರ್, ಕಾರ್ಕ್ ತೆಗಿಯೋದು ಎಲ್ಲ ಇರೋದು. ಅದ್ರಲ್ಲಿ 91 ಮಿಲಿಮೀಟರ್ ಸೈಜಿಂದು ತಗೊಳಿ, ಅದು ಮಡಚಿದಾಗ ಹಿಡಿ ಉದ್ದ, ದೊಡ್ಡ ಅಲಗು 6 ಸೆಂಟಿಮೀಟರ್ ಹತ್ರ ಸಿಗತ್ತೆ. ಕೀ ಚೈನ್‌ಗೆ ಹಾಕ್ಕೊಳೋ 58 ಮಿಲಿಮೀಟರ್‌ದು ನಿಂಬೆಹಣ್ಣು ಹೋಳು ಮಾಡೋಕೆ, ಹಾಲಿನ ಪ್ಯಾಕೆಟ್ ಮೂಲೆ ಕತ್ತರಿಸೋಕೆ ಸಾಕು, ಅದಕ್ಕಿಂತ ಜಾಸ್ತಿ ಅದರ ಹತ್ರ ಕೇಳೋದು ಅನ್ಯಾಯ.

ಬ್ರ್ಯಾಂಡೇ ಬೇಕು ಅಂತೇನಿಲ್ಲ. ತೆಳು ಅಲಗು, ಅಂಚು ಗರಗಸದ ಹಲ್ಲಿಲ್ದೆ ಸಾದಾ ಇರ್ಬೇಕು, ಅಲಗು ಅಲ್ಲಾಡಬಾರ್ದು, ಹಿಡಿ ಒಳಗಿನ ಸಂದು ತೊಳಿಯೋಕೆ ಸಿಗೋ ಹಂಗಿರ್ಬೇಕು, ಇಷ್ಟಿದ್ರೆ ಮುಗೀತು. ಹಲ್ಲಿರೋ ಅಲಗು ಬ್ರೆಡ್ಡಿಗೆ ಟೊಮ್ಯಾಟೋಗೆ ಚೆನ್ನ, ಆದ್ರೆ ಮೊಂಡಾದ್ರೆ ಮನೇಲಿ ಸಾಣೆ ಹಿಡಿಯೋದು ತಲೆನೋವು. ನರ್ಸರಿಗಳಲ್ಲಿ, ಕೃಷಿ ಸಾಮಾನಿನ ಅಂಗಡೀಲಿ ಸಿಗೋ ಕಸಿ ಚಾಕು ಕೂಡ ತೆಳ್ಳಗೆ ಹರಿತವಾಗೇ ಇರತ್ತೆ, ಹೊಸದಾದ್ರೆ ಸರಿ, ಗಿಡಕ್ಕೆ ಔಷಧಿ ಗಿವ್ಷಧಿ ಅಂತ ಒಮ್ಮೆ ಬಳಸಿದ್ದನ್ನ ಮಾತ್ರ ಅಡುಗೆ ಕಡೆ ತರಬೇಡಿ.

ಲಾಕ್ ಇದೆಯೋ ಇಲ್ವೋ, ಇದನ್ನ ತಿಳ್ಕೊಂಡೇ ಮುಂದಿನ ಹೆಜ್ಜೆ

ಸ್ವಿಸ್ ಚಾಕುಗಳಲ್ಲಿ ಬಹುಪಾಲಿಗೆ ಲಾಕ್ ಇರಲ್ಲ. ಒಳಗಡೆ ಒಂದು ಸ್ಪ್ರಿಂಗ್ ಪಟ್ಟಿ ಅಲಗನ್ನ ಒತ್ತಿ ಹಿಡ್ದಿರತ್ತೆ, ಟಪ್ ಅಂತ ತೆಗೀಬೋದು, ಟಪ್ ಅಂತ ಮಡಚಬೋದು. ಅಂಚಿನ ಕಡೆಯಿಂದ ಒತ್ತಡ ಬಿದ್ರೆ, ಅಂದ್ರೆ ಮಾಮೂಲಿ ಹೆಚ್ಚೋವಾಗ ಬೀಳೋ ಒತ್ತಡ, ಅಲಗು ಇನ್ನೂ ತೆರ್ಕೊಳೋ ಕಡೆಗೇ ಹೋಗತ್ತೆ, ಏನೂ ಆಗಲ್ಲ. ಬೆನ್ನಿನ ಕಡೆಯಿಂದ ಒತ್ತಡ ಬಿದ್ರೆ, ಇಲ್ಲಾ ತುದಿಯಿಂದ ಚುಚ್ಚಿ ತಿರುಗಿಸಿದ್ರೆ ಅದು ಮಡಚ್ಕೊಂಡು ಬೆರಳ ಮೇಲೇ ಬರತ್ತೆ. ಹಾಗಾಗಿ ಲಾಕ್ ಇಲ್ದೇ ಇರೋ ಚಾಕಲ್ಲಿ ಚುಚ್ಚೋದು, ಮೀಟೋದು, ಅಲಗಿನ ಬೆನ್ನಿಂದ ಕುಟ್ಟೋದು, ಹೆಚ್ಚಿದ್ದನ್ನ ಬೆನ್ನಿಂದ ಜೋರಾಗಿ ತಳ್ಳೋದು ಯಾವುದೂ ಇಲ್ಲ. ಲಾಕ್ ಇರೋದಾದ್ರೆ ಪ್ರತಿಸಲ ತೆಗೆದ ಮೇಲೆ ಲಾಕ್ ಬಿದ್ದಿದೆಯಾ ಅಂತ ನೋಡಿ, ಒಪಿನೆಲ್‌ನಲ್ಲಿ ಉಂಗುರ ತಿರುಗಿಸೋದನ್ನೇ ಮರ್ತು ಶುರು ಹಚ್ಕೊಳೋರು ತುಂಬ ಜನ. ಬಟನ್ ಒತ್ತಿದ್ರೆ ಚಟಕ್ಕಂತ ಹೊರಗೆ ಬರೋ ಚಾಕು ಊಟಕ್ಕೂ ಬೇಡ, ಜೇಬಿಗೂ ಬೇಡ.

ಹೆಚ್ಚೋಕೆ ಮುಂಚೆ ತೊಳಿಯೋದು

ನಿನ್ನೆ ಇದೇ ಚಾಕಲ್ಲಿ ಕೊರಿಯರ್ ಡಬ್ಬ ಕುಯ್ದಿದ್ರಾ? ಹಂಗಾದ್ರೆ ಅಲಗಿನ ಮೇಲೆ ಟೇಪಿನ ಗೋಂದು ಕೂತಿರತ್ತೆ, ಕಣ್ಣಿಗೆ ಕಾಣ್ದಿದ್ರೂ ಬೆರಳಿಗೆ ಅಂಟಂಟು ಸಿಗತ್ತೆ. ಅದು ಸೋಪಿಗೆ ಬಗ್ಗಲ್ಲ, ಎರಡು ಹನಿ ಅಡುಗೆ ಎಣ್ಣೆ ಟಿಶ್ಯೂಗೆ ಹಾಕಿ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಒರೆಸಿ, ಗೋಂದು ಬಿಟ್ಕೊಳತ್ತೆ, ಆಮೇಲೆ ಪಾತ್ರೆ ತೊಳಿಯೋ ಲಿಕ್ವಿಡ್ ಹಾಕಿ ಬಿಸಿನೀರಲ್ಲಿ ತೊಳೀರಿ. ಹಿಡಿ ಒಳಗೆ ಅಲಗು ಕೂತ್ಕೊಳೋ ಸಂದಿದೆಯಲ್ಲ, ಅಸಲಿ ಕೊಳಕಿರೋದು ಅಲ್ಲೇ, ಜೇಬಿನ ದಾರದ ನೂಲು, ಧೂಳು, ಹೋದ ವಾರದ ಮಾವಿನಹಣ್ಣಿನ ರಸ ಎಲ್ಲ ಸೇರಿ ಕಪ್ಪಗೆ ಗಸಿ ಕಟ್ಟಿರತ್ತೆ. ಹಳೇ ಟೂತ್‌ಬ್ರಷ್‌ಗೆ ಸೋಪು ಹಾಕಿ ಆ ಸಂದಿಗೆ ಇಳಿಸಿ ಉಜ್ಜಿ, ಅಲಗು ಹಿಡಿಗೆ ಸೇರೋ ಕೀಲಿನ ಹತ್ರ ಸ್ವಲ್ಪ ಜಾಸ್ತಿ. ನಲ್ಲಿ ಕೆಳಗೆ ಹಿಡ್ದು ಅಲಗನ್ನ ಒಂದೆರಡು ಸಲ ಅರ್ಧ ಮಡಚಿ ತೆಗೆದು ಮಾಡಿದ್ರೆ ಒಳಗಿನ ಗಲೀಜು ಹೊರಗೆ ಬರತ್ತೆ. ಒದರಿ, ಬಟ್ಟೇಲಿ ಒರೆಸಿ, ತೆರೆದಿಟ್ಟೇ ಒಣಗಿಸಿ, ಒದ್ದೆ ಇರೋವಾಗ ಮಡಚಿ ಜೇಬಿಗೆ ಹಾಕೋದೇ ತುಕ್ಕಿಗೆ ದಾರಿ.

ಮರದ ಹಿಡಿ ಇದ್ರೆ ನೆನೆ ಹಾಕ್ಬೇಡಿ, ಮರ ನೀರು ಕುಡಿದು ಉಬ್ಬಿ ಅಲಗು ತೆಗಿಯೋಕೇ ಬರಲ್ಲ, ಮಳೆಗಾಲದಲ್ಲಂತೂ ಸುಮ್ನೆ ಇಟ್ಟಿದ್ರೂ ಬಿಗಿಯಾಗತ್ತೆ. ಹಂಗಾದ್ರೆ ಜೋರು ಮಾಡಿ ಎಳೀಬೇಡಿ, ಒಂದೆರಡು ದಿನ ಒಣ ಜಾಗದಲ್ಲಿಟ್ರೆ ತಾನೇ ಸಡಿಲ ಆಗತ್ತೆ. ಡಿಶ್‌ವಾಷರ್‌ಗೆ ಯಾವ ಮಡಚೋ ಚಾಕೂ ಹಾಕ್ಬೇಡಿ.

ಕೈಲಾದ್ರೆ ಎರಡು ಇಟ್ಕೊಳಿ, ಒಂದು ಡಬ್ಬ ಟೇಪಿಗೆ, ಒಂದು ಊಟಕ್ಕೆ ಮಾತ್ರ. ಸ್ವಿಸ್ ಚಾಕಲ್ಲಿ ಎರಡು ಅಲಗಿರೋ ಮಾಡೆಲ್ ಇದ್ರೆ ಚಿಕ್ಕದು ಕೊಳೆ ಕೆಲಸಕ್ಕೆ ದೊಡ್ಡದು ತಿನ್ನೋದಕ್ಕೆ ಅಂತ ಭಾಗ ಮಾಡ್ಕೊಂಡ್ರೂ ನಡಿಯತ್ತೆ.

ಹಿಡಿಯೋದು: ಕೈಯಲ್ಲಿ ಹೆಚ್ಚೋ ವಿದ್ಯೆ

ಇದೇ ಮುಖ್ಯ ಭಾಗ, ನಿಧಾನಕ್ಕೆ ಓದಿ. ಬಲಗೈಯವರು ಅಂತ ಇಟ್ಕೊಂಡು ಹೇಳ್ತೀನಿ, ಎಡಗೈಯವರು ತಿರುಗಿಸ್ಕೊಳಿ. ಚಾಕುನ ನಾಲ್ಕು ಬೆರಳಲ್ಲಿ ಹಿಡೀರಿ, ಅಂಚು ನಿಮ್ಮ ಕಡೆಗೆ ಇರ್ಲಿ, ಬಲಗೈ ಹೆಬ್ಬೆರಳು ಚಾಕು ಮೇಲಲ್ಲ, ಹಣ್ಣಿನ ಮೇಲೆ ಊರಬೇಕು. ಎಡಗೈಲಿ ಹಣ್ಣು. ಈಗ ತೋಳು ಎಳೀಬೇಡಿ, ಬಲಗೈ ಮುಷ್ಟಿ ಮುಚ್ಚಿದಂಗೆ ಬೆರಳುಗಳನ್ನ ಹೆಬ್ಬೆರಳ ಕಡೆಗೆ ತನ್ನಿ, ಅಲಗು ಅಷ್ಟೇ ಅಷ್ಟು, ಒಂದೂವರೆ ಇಂಚು ಬರತ್ತೆ, ನಿಲ್ಲತ್ತೆ. ಕೈ ಮುಚ್ಚೋದಕ್ಕೆ ಒಂದು ಮಿತಿ ಇದೆಯಲ್ಲ, ಆ ಮಿತೀನೇ ಇಲ್ಲಿ ಸೇಫ್ಟಿ. ತೋಳಿಂದ ಎಳೆದ್ರೆ ಆ ಮಿತಿ ಇರಲ್ಲ, ಹಣ್ಣು ಮುಗಿದ ಮೇಲೂ ಚಾಕು ಬರ್ತಾನೇ ಇರತ್ತೆ. ಹೆಬ್ಬೆರಳು ಅಲಗಿನ ದಾರೀಲಿ ಇರಬಾರ್ದು, ಒಂದು ಬೆರಳಗಲ ಕೆಳಗೋ ಪಕ್ಕಕ್ಕೋ ಇರ್ಲಿ. ಆಲೂಗಡ್ಡೆ ಸಿಪ್ಪೆ, ಸೇಬಿನ ಸಿಪ್ಪೆ, ಸೀಬೆಕಾಯಿ ಹೋಳು, ಬೀನ್ಸ್ ತುದಿ ಎಲ್ಲ ಇದೇ ಒಂದು ಚಲನೆ.

ಮೊದಲ ಸಲ ಮಾಡೋರು ಸೀಬೆಕಾಯಿಂದ ಶುರು ಮಾಡಿ, ತೀರಾ ಮೆತ್ತಗಲ್ಲ ತೀರಾ ಗಟ್ಟೀನೂ ಅಲ್ಲ, ಜಾರೋದೂ ಇಲ್ಲ. ಟೊಮ್ಯಾಟೋ ಆಮೇಲೆ, ಯಾಕಂದ್ರೆ ಅದರ ಸಿಪ್ಪೆ ಜಾರತ್ತೆ, ಚಾಕು ಮೊಂಡಿದ್ರೆ ಅಲಗು ಅಲ್ಲೇ ಸ್ಕೇಟಿಂಗ್ ಮಾಡತ್ತೆ. ತೊಟ್ಟಿನ ಕಡೆ ಸುತ್ತ ತುದಿಯಿಂದ ಒಂದು ರೌಂಡ್ ಬಿಡಿಸಿ ತೆಗೆದು, ಅಲ್ಲಿಂದ ಸೀಳ್ತಾ ಬಂದ್ರೆ ಅಲಗಿಗೆ ಹಿಡಿತ ಸಿಗತ್ತೆ.

ಸೌತೆಕಾಯಿ ಒಂದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು, ಕೋಸಂಬರಿಗೆ ಸಣ್ಣಗೆ ಬೇಕಲ್ಲ. ಹಲಗೆ ಬೇಡ. ತುದಿ ಕುಯ್ದು ಅದೇ ತುಂಡಲ್ಲಿ ಉಜ್ಜಿ ನೊರೆ ಬರಿಸೋ ಅಭ್ಯಾಸ ಇದ್ದೋರು ಉಜ್ಕೊಳಿ, ಕಹಿ ಹೋಗತ್ತೋ ಬಿಡತ್ತೋ, ಕೈ ಸುಮ್ನಿರಲ್ಲ. ಸಿಪ್ಪೆ ತೆಗೆದು ಸೌತೆಕಾಯಿನ ಎಡಗೈಲಿ ನಿಲ್ಲಿಸಿ ಹಿಡೀರಿ, ಬುಡದ ಕಡೆ ಮುಷ್ಟೀಲಿರ್ಲಿ, ಮೇಲ್ತುದಿ ಎರಡು ಇಂಚು ಮುಷ್ಟಿಯಿಂದ ಹೊರಗಿರ್ಲಿ. ಈಗ ಮೇಲಿನ ಮುಖಕ್ಕೆ ಅಲಗಿಟ್ಟು ಒಂದು ಇಂಚು ಆಳಕ್ಕೆ ನಿಧಾನವಾಗಿ ಇಳಿಸಿ, ಹೊಡೀಬೇಡಿ, ಹಂಗೇ ಪಕ್ಕಪಕ್ಕದಲ್ಲಿ ನಾಲ್ಕೈದು ಗೀಟು. ಸೌತೆಕಾಯಿ ಕಾಲು ಸುತ್ತು ತಿರುಗಿಸಿ ಅಡ್ಡಕ್ಕೆ ಇನ್ನೊಂದು ನಾಲ್ಕೈದು ಗೀಟು, ಮೇಲಿಂದ ನೋಡಿದ್ರೆ ಚೌಕುಳಿ ಕಾಣ್ಬೇಕು. ಆಮೇಲೆ ಮೇಲೆ ಹೇಳಿದ ಮುಷ್ಟಿ ಮುಚ್ಚೋ ಚಲನೇಲಿ ಅಡ್ಡಡ್ಡ ತೆಳ್ಳಗೆ ಕುಯ್ತಾ ಬನ್ನಿ, ಚೂರೆಲ್ಲ ನೆನೆಸಿದ ಹೆಸರುಬೇಳೆ ಮೇಲೆ ಉದುರತ್ತೆ. ಗೀಟಿನ ಆಳ ಮುಗಿದ ತಕ್ಷಣ ಮತ್ತೆ ಗೀಟು. ಗೀಟು ಇಳಿಸೋವಾಗ ಅಲಗು ಮುಷ್ಟಿವರೆಗೆ ಬರಬಾರ್ದು, ಅದಕ್ಕೇ ಎರಡು ಇಂಚು ಹೊರಗಿಡಿ ಅಂದಿದ್ದು. ದೊಡ್ಡ ಚಾಕಲ್ಲಿ ಈ ಕೆಲಸ ಮಾಡೋಕೆ ಭಯ ಆಗತ್ತೆ, 8 ಸೆಂಟಿಮೀಟರ್ ಅಲಗು ಇದಕ್ಕೇ ಅಂತ ಮಾಡಿಸಿದಂಗಿದೆ.

ಹಲಗೆ ಮೇಲೆ ಹೆಚ್ಚಲೇಬೇಕು ಅಂದ್ರೆ

ಅಡುಗೆಮನೆ ದೊಡ್ಡ ಚಾಕಲ್ಲಿ ಅಲಗು ಹಿಡಿಗಿಂತ ಕೆಳಗೆ ಇಳಿದಿರತ್ತೆ, ಹಾಗಾಗಿ ಅಂಚು ಹಲಗೆಗೆ ತಾಗಿದ್ರೂ ಬೆರಳಿಗೆ ಜಾಗ ಇರತ್ತೆ. ಮಡಚೋ ಚಾಕಲ್ಲಿ ಅಲಗು ಹಿಡಿ ಒಳಗೆ ಹೋಗ್ಬೇಕಲ್ಲ, ಅದಕ್ಕೆ ಅದು ಹಿಡಿಯಷ್ಟೇ ಅಗಲ, ಅಂಚು ಹಲಗೆಗೆ ತಾಗೋಕೆ ಮುಂಚೆ ನಿಮ್ಮ ಗೆಣ್ಣು ತಾಗತ್ತೆ. ಪರಿಹಾರ ಸುಲಭ, ಹಲಗೆಯ ಬಲ ಅಂಚಿಗೆ ಬನ್ನಿ. ತರಕಾರಿ ಹಲಗೆ ಅಂಚಿನ ಹತ್ರ, ಚಾಕು ಹಿಡಿದ ಕೈ ಹಲಗೆ ಹೊರಗೆ ಗಾಳೀಲಿ. ಹಲಗೆ ಸ್ವಲ್ಪ ದಪ್ಪ ಇದ್ರೆ ಇನ್ನೂ ಒಳ್ಳೇದು. ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಬಾರ್ದು. ಸ್ಟೀಲ್ ತಟ್ಟೆ, ಗ್ರಾನೈಟ್ ಕಟ್ಟೆ, ಪಿಂಗಾಣಿ ಪ್ಲೇಟ್ ಮೇಲೆ ಹೆಚ್ಚಬೇಡಿ, ಹರಿತ ಹತ್ತು ನಿಮಿಷಕ್ಕೆ ಹಾಳು. ಟ್ರೆಕ್ಕಿಂಗಲ್ಲಿ ಹಲಗೆ ಎಲ್ಲಿಂದ ತರೋದು ಅಂದ್ರೆ ಪ್ಲಾಸ್ಟಿಕ್ ಟಿಫನ್ ಡಬ್ಬದ ಮುಚ್ಚಳ ಮಗುಚಿ ಹಾಕ್ಕೊಳಿ.

ಇನ್ನೊಂದು, ಒತ್ತಬೇಡಿ, ಎಳೀರಿ. ತುದಿ ತರಕಾರಿಯ ಆಚೆ ಬದಿಗೆ ಇಟ್ಟು ನಿಮ್ಮ ಕಡೆಗೆ ಎಳೆಯೋದು, ಅಲಗಿನ ಪೂರ್ತಿ ಉದ್ದ ಬಳಕೆ ಆಗ್ಬೇಕು. ಈರುಳ್ಳೀನ ಉದ್ದಕ್ಕೆ ಎರಡು ಹೋಳು ಮಾಡಿ, ಬೇರಿನ ಗಂಟು ತೆಗೀಬೇಡಿ, ಅದೇ ಪದರ ಎಲ್ಲ ಹಿಡ್ಕೊಂಡಿರತ್ತೆ, ಮಕಾಡೆ ಇಟ್ಟು ತುದಿಯಿಂದ ಬೇರಿನ ಕಡೆ ಬಿಟ್ಟು ಉದ್ದುದ್ದ ಎಳೀರಿ, ಆಮೇಲೆ ಅಡ್ಡ. ಒಂದೆರಡು ಈರುಳ್ಳಿ ಆಮ್ಲೆಟ್‌ಗೆ, ಮಂಡಕ್ಕಿಗೆ ಅಂದ್ರೆ ಆರಾಮು. ಮನೇಲಿ ಫಂಕ್ಷನ್ ಇದೆ ಅಂತ ಎರಡು ಕೆಜಿ ಈರುಳ್ಳಿಗೆ ಇದನ್ನ ತೆಗಿಯೋರು ಯಾರಾದ್ರೂ ಇದ್ರೆ ನಮಸ್ಕಾರ.

ಮಾವು, ಚಕ್ಕೋತ, ಇನ್ನೊಂದಿಷ್ಟು

ಜೇಬಿನ ಚಾಕು ನಿಜಕ್ಕೂ ಮೆರೆಯೋದು ಹಣ್ಣಲ್ಲಿ. ಏಪ್ರಿಲ್‌ನಿಂದ ಜುಲೈವರೆಗೆ ಮಾವು, ಲಾಲ್‌ಬಾಗಲ್ಲಿ ಮಾವು ಮೇಳ ನಡಿಯೋ ಹೊತ್ತಿಗೆ ಬಾದಾಮಿ, ರಸಪುರಿ, ಮಲ್ಲಿಕಾ ಎಲ್ಲ ಸಿಗತ್ತೆ. ಯಾವುದೇ ಇರ್ಲಿ ಮೊದಲು ತೊಟ್ಟು ಮುರಿದು ಸೋನೆ ಹರಿಯೋಕೆ ಬಿಟ್ಟು ತೊಳೀರಿ, ಆ ಸೋನೆ ಬಾಯಿ ಅಂಚಿಗೆ ತಾಗಿದ್ರೆ ಸುಡತ್ತೆ, ಅಲಗಿಗೆ ಹತ್ತಿದ್ರೆ ಅಂಟು. ಮಾವಿನ ವಾಟೆ ಚಪ್ಪಟೆ, ಹಣ್ಣನ್ನ ತೊಟ್ಟು ಮೇಲಾಗಿ ನಿಲ್ಲಿಸಿ ನೋಡಿದ್ರೆ ಅಗಲದ ಎರಡು ಕೆನ್ನೆ ಕಾಣತ್ತೆ. ತೊಟ್ಟಿಂದ ಒಂದು ಬೆರಳು ಪಕ್ಕಕ್ಕೆ ಅಲಗಿಟ್ಟು ಇಳಿಸಿ, ಗಟ್ಟಿ ಸಿಕ್ರೆ ಅದು ವಾಟೆ, ಅದಕ್ಕೆ ಒರಗಿಸ್ಕೊಂಡೇ ಅಲಗನ್ನ ಸ್ವಲ್ಪ ಹೊರಗೆ ವಾಲಿಸಿ ಕೆಳಗೆ ಬನ್ನಿ. ವಾಟೆ ಕಡಿಯೋಕೆ ಹೋಗ್ಬೇಡಿ. ಎರಡೂ ಕೆನ್ನೆ ಬಂದ್ಮೇಲೆ ಸಿಪ್ಪೆ ತೂತಾಗ್ದಂಗೆ ತುದಿಯಿಂದ ಗೀಟು ಹಾಕಿ ಹಿಂದಿಂದ ತಳ್ಳಿದ್ರೆ ಹೋಳು ಎದ್ದು ನಿಲ್ಲತ್ತೆ. ವಾಟೆ ಯಾರಿಗೆ ಅನ್ನೋ ಜಗಳ ನಿಮ್ಮ ಮನೇದು. ಗಿಣಿಮೂತಿ ಕಾಯಾದ್ರೆ ಇದೇ ಥರ ಕೆನ್ನೆ ತೆಗೆದು ಉದ್ದುದ್ದ ಪಟ್ಟಿ ಮಾಡಿ ಉಪ್ಪು ಖಾರ, ಅದಕ್ಕಿಂತ ಜಾಸ್ತಿ ಏನೂ ಬೇಡ.

ಚಕ್ಕೋತ ಬಿಡಿಸೋಕೆ ಜನ ಹೆದರ್ತಾರೆ, ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್, ಅಂದ್ರೆ ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಬೇರೆ ಇದೆ, ಏರ್‌ಪೋರ್ಟ್ ಪಕ್ಕದಲ್ಲೇ ಬೆಳೆಯೋ ಹಣ್ಣು, ಆದ್ರೂ ಊರಲ್ಲಿ ತಿನ್ನೋರು ಕಮ್ಮಿ. ಸಿಪ್ಪೆ ದಪ್ಪ ಅನ್ನೋದೊಂದೇ ತಕರಾರು. ತೊಟ್ಟಿನ ಕಡೆ ಟೋಪಿ ಥರ ಒಂದು ಬಿಲ್ಲೆ ಕುಯ್ದು ತೆಗೀರಿ, ಬಿಳಿ ಸಿಪ್ಪೆ ಮಾತ್ರ ಕಾಣ್ಬೇಕು, ತೊಳೆವರೆಗೆ ಹೋಗ್ಬಾರ್ದು, ಈಗ ಸಿಪ್ಪೆ ಎಷ್ಟು ದಪ್ಪ ಅಂತ ಗೊತ್ತಾಯ್ತಲ್ಲ. ತೋರುಬೆರಳನ್ನ ಅಲಗಿನ ತುದಿಯಿಂದ ಅಷ್ಟೇ ದೂರಕ್ಕೆ ಅಲಗಿನ ಪಕ್ಕಕ್ಕೆ ಒತ್ತಿ ಹಿಡ್ಕೊಳಿ, ಬೆರಳೇ ಅಳತೆ, ಅದಕ್ಕಿಂತ ಒಳಗೆ ಅಲಗು ಇಳಿಯಲ್ಲ. ಮೇಲಿಂದ ಬುಡದವರೆಗೆ ಆರೆಂಟು ಗೀಟು ಎಳೆದು ಚಾಕು ಕೆಳಗಿಡಿ, ಮುಂದಿಂದು ಹೆಬ್ಬೆರಳ ಕೆಲಸ, ಒಂದೊಂದೇ ದಳ ಬಿಡಿಸ್ತಾ ಹೋಗೋದು. ತೊಳೆ ಬಿಡಿಸಿದ ಮೇಲೆ ಪೊರೆ ಕಹಿ, ಅದನ್ನ ತಿನ್ನಬಾರ್ದು, ತೊಳೆಯ ಒಳ ಏಣು ಇರತ್ತಲ್ಲ, ಬೀಜ ಇರೋ ಕಡೆ, ಅಲ್ಲಿ ಚಾಕು ತುದಿಯಿಂದ ತೆಳ್ಳಗೆ ಸೀಳಿದ್ರೆ ಪೊರೆ ಪುಸ್ತಕ ತೆರೆದಂಗೆ ತೆರ್ಕೊಳತ್ತೆ, ಒಳಗಿನ ತಿರುಳು ಪೂರ್ತಿ ಒಂದೇ ತುಂಡಾಗಿ ಬರತ್ತೆ. ಕಿತ್ತಳೆ, ಮೂಸಂಬಿಗೂ ಇದೇ ಗೀಟಿನ ವಿದ್ಯೆ. ದಾಳಿಂಬೆಗೂ ಅಷ್ಟೇ, ಮಧ್ಯಕ್ಕೆ ಕಡಿದು ರಸ ಹಾರಿಸ್ಕೊಂಡು ಶರ್ಟ್ ಹಾಳು ಮಾಡ್ಕೊಳೋ ಬದಲು ಕಿರೀಟ ತೆಗೆದು ಒಳಗಿನ ಬಿಳಿ ಗೋಡೆ ಇರೋ ಕಡೆಯೆಲ್ಲ ಸಿಪ್ಪೆಗಷ್ಟೇ ಗೀಟೆಳೆದು ಕೈಯಲ್ಲಿ ಬಿಚ್ಚಿ.

ಬಟರ್ ಫ್ರೂಟ್ ಸುತ್ತ ಉದ್ದಕ್ಕೆ ಕುಯ್ದು ತಿರುಚಿ ಎರಡು ಮಾಡಿ, ಬೀಜ ಮಾತ್ರ ಚಮಚದಲ್ಲಿ ತೆಗೀರಿ, ಚಾಕು ಚುಚ್ಚಿ ತೆಗಿಯೋ ವಿಡಿಯೋಗಳನ್ನ ಮರ್ತುಬಿಡಿ. ನುಗ್ಗೆಕಾಯಿನ ಪೂರ್ತಿ ಕತ್ತರಿಸದೆ ಮುಕ್ಕಾಲು ಕುಯ್ದು ಮುರಿದು ಕೆಳಗೆ ಎಳೆದ್ರೆ ನಾರು ಜೊತೇಲೇ ಬರತ್ತೆ, ಇದಕ್ಕೂ ಚಿಕ್ಕ ಅಲಗೇ ಅನುಕೂಲ. ಬೇಕರಿ ಬನ್ ಸೀಳಿ ಬೆಣ್ಣೆ ಹಚ್ಚೋದು, ಪನೀರ್ ತುಂಡು ಮಾಡೋದು, ಅಲಗು ಒದ್ದೆ ಮಾಡ್ಕೊಂಡ್ರೆ ಪನೀರ್ ಅಂಟಲ್ಲ. ಹಸಿಮೆಣಸಿನಕಾಯಿ ಕೊನೇಗೆ ಇಟ್ಕೊಳಿ, ಮೆಣಸಿನಕಾಯಿ ಸೀಳಿದ ಚಾಕಲ್ಲೇ ಸೇಬು ಕುಯ್ದು ಪಾಪುಗೆ ಕೊಟ್ರೆ ಮನೆಯೆಲ್ಲ ರಾಮಾಯಣ.

ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆ ಮೇಲೆ ಇಡಬೇಡಿ, 32 ಡಿಗ್ರಿ ದಾಟಿದ ಬಿಸಿಲಾದ್ರೆ, ಏಪ್ರಿಲ್‌ನಲ್ಲಿ ನಮ್ಮೂರಲ್ಲೂ ದಾಟತ್ತೆ, ಒಂದೇ ಗಂಟೆ. ಹಸಿ ಚಿಕನ್, ಮೀನು ಕುಯ್ಯೋಕೆ ಮಡಚೋ ಚಾಕು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕುಯ್ಯೋಕೆ ಆಗಲ್ಲ ಅಂತಲ್ಲ, ಆ ಸಂದಿಗೆ ಹೋದ ರಸನ ಪೂರ್ತಿ ತೆಗಿಯೋದು ಕಷ್ಟ, ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ನಾಳೆ ಸೌತೆಕಾಯಿಗೆ ಬರತ್ತೆ. ಕ್ಯಾಂಪಿಂಗ್‌ನಲ್ಲಿ ಬೇರೆ ದಾರಿ ಇಲ್ಲ ಅಂದ್ರೆ ತಿನ್ನೋ ಹಸಿ ತರಕಾರಿ ಎಲ್ಲ ಮೊದ್ಲೇ ಹೆಚ್ಚಿಟ್ಟು ಮಾಂಸ ಕೊನೇಗೆ.

ಈ ಕೆಲಸಕ್ಕೆಲ್ಲ ಕೈ ಹಾಕ್ಬೇಡಿ

ತೆಂಗಿನ ಚಿಪ್ಪಿಂದ ಕಾಯಿ ಮೀಟೋದು, ಇದು ಒಂದನೇ ನಂಬರ್, ಚಾಕು ತುದಿ ಮುರಿಯತ್ತೆ ಇಲ್ಲಾ ಅಲಗು ಮಡಚ್ಕೊಳತ್ತೆ, ಎರಡೂ ಆಗ್ದಿದ್ರೆ ಜಾರಿ ಎಡಗೈ ಅಂಗೈಗೆ ಹೋಗತ್ತೆ. ಬೆಲ್ಲದ ಅಚ್ಚು ಒಡೆಯೋದು, ಕುಟ್ಟಾಣಿ ಇದೆಯಲ್ಲ. ಹಲಸಿನಹಣ್ಣು, ಅದರ ಮೇಣ ಕೀಲಿಗೆ ಸೇರಿದ್ರೆ ಮುಗೀತು ಕಥೆ. ಕುಂಬಳಕಾಯಿ, ಎಳನೀರು, ಮೂಳೆ, ಫ್ರೀಜರ್‌ನಿಂದ ಆಗ ತಾನೇ ತೆಗೆದ ಗಡ್ಡೆ, ಒಣ ಕೊಬ್ಬರಿ, ಯಾವುದೂ ಬೇಡ. ಡಬ್ಬದ ಮುಚ್ಚಳ ಮೀಟೋದೂ ಬೇಡ.

ಕಾರ್ಬನ್ ಸ್ಟೀಲ್ ತಗೊಂಡಿದ್ರೆ

ಒಪಿನೆಲ್‌ನಲ್ಲಿ ಎರಡು ಥರ ಬರತ್ತೆ, ಕಾರ್ಬನ್ ಮತ್ತೆ ಸ್ಟೇನ್‌ಲೆಸ್. ಕಾರ್ಬನ್ ಸಲೀಸಾಗಿ ಹರಿತ ಆಗತ್ತೆ, ಆದ್ರೆ ಹುಳಿ ತಾಗಿದ ತಕ್ಷಣ ಬಣ್ಣ ಬದಲಾಗತ್ತೆ, ಒಂದು ನಿಂಬೆಹಣ್ಣು, ಒಂದು ಮಾವಿನಕಾಯಿ ಸಾಕು, ಬೂದು, ನೀಲಿ, ಕಪ್ಪು ಕಲೆ. ಗಾಬರಿ ಬೇಡ, ಆ ಬೂದು ಪದರ ತುಕ್ಕನ್ನ ಸ್ವಲ್ಪ ಮಟ್ಟಿಗೆ ತಡೆಯತ್ತೆ. ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಪುಡಿಪುಡಿಯಾಗಿ ಬಂದ್ರೆ ಅದು ತುಕ್ಕು, ಅಡುಗೆ ಸೋಡ ಒದ್ದೆ ಮಾಡಿ ಉಜ್ಜಿ ತೆಗೀರಿ. ಹೊಸ ಕಾರ್ಬನ್ ಅಲಗಲ್ಲಿ ಸೇಬು ಕುಯ್ದ್ರೆ ಹೋಳಿನ ಅಂಚು ಕಪ್ಪಾಗೋದು, ಕಬ್ಬಿಣದ ರುಚಿ ಬರೋದು ಉಂಟು, ಪದರ ಕೂತ ಮೇಲೆ ಕಮ್ಮಿಯಾಗತ್ತೆ. ಹುಳಿ ಕುಯ್ದ ಐದು ನಿಮಿಷದೊಳಗೆ ಒರೆಸೋ ಅಭ್ಯಾಸ ಇಲ್ದೇ ಇರೋರು ಸ್ಟೇನ್‌ಲೆಸ್ ತಗೊಳೋದೇ ವಾಸಿ, ಜೂನ್‌ನಿಂದ ಅಕ್ಟೋಬರ್ ತನಕ ಈ ಊರ ತೇವದಲ್ಲಿ ಕಾರ್ಬನ್ ಅಲಗು ಗಮನ ಕೇಳ್ತಾನೇ ಇರತ್ತೆ.

ಎಣ್ಣೆ ಹಚ್ಚೋಕೆ ಕೊಬ್ಬರಿ ಎಣ್ಣೆ ಒಂದೆರಡು ದಿನಕ್ಕೆ ಸರಿ, ತುಂಬ ದಿನ ಬಿಟ್ರೆ ಕಮಟು ವಾಸನೆ. ಮೆಡಿಕಲ್ ಶಾಪಲ್ಲಿ ಲಿಕ್ವಿಡ್ ಪ್ಯಾರಾಫಿನ್ ಅಂತ ಸಿಗತ್ತೆ, ಮಲಬದ್ಧತೆಗೆ ಕುಡಿಯೋಕೆ ಕೊಡೋ ಅದೇ ಬಾಟ್ಲು, ಕಮಟಾಗಲ್ಲ, ಹೊಟ್ಟೆಗೆ ಹೋದ್ರೂ ತೊಂದ್ರೆ ಇಲ್ಲ. ಕೀಲಿಗೆ ಒಂದು ಹನಿ, ಅಲಗಿಗೆ ತೆಳ್ಳಗೆ ಒಂದು ಕೈ. ಹೊಲಿಗೆ ಮೆಷಿನ್ ಎಣ್ಣೆ ಹೊಲಿಗೆ ಮೆಷಿನ್‌ಗೇ ಇರ್ಲಿ.

ಸಾಣೆ

ಮೊಂಡು ಚಾಕೇ ಜಾಸ್ತಿ ಕೈ ಕುಯ್ಯೋದು, ಒತ್ತಿ ಒತ್ತಿ ಜಾರತ್ತೆ. ಗಲ್ಲೀಲಿ ಸೈಕಲ್ ಮೇಲೆ ಚಕ್ರ ಇಟ್ಕೊಂಡು ಸಾಣೆ ಹಿಡಿಯೋರು ಬರ್ತಾರಲ್ಲ, ಅವ್ರಿಗೆ ಈಳಿಗೆ ಮಣೆ, ಕತ್ತರಿ, ದೊಡ್ಡ ಚಾಕು ಕೊಡಿ, ಈ ತೆಳು ಅಲಗು ಕೊಡಬೇಡಿ, ಕಿಡಿ ಹಾರೋ ಚಕ್ರಕ್ಕೆ ಅಂಚು ಬಿಸಿಯಾಗಿ ಹದ ಕಳ್ಕೊಳತ್ತೆ, ಲೋಹಾನೂ ಸುಮ್ನೆ ಸವೆಯತ್ತೆ. ಎಸ್‌ಜೆಪಿ ರೋಡ್ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಮುಖದ ಸಾಣೆ ಕಲ್ಲು ಸಿಗತ್ತೆ, ಒಂದು ಕಡೆ ಒರಟು ಒಂದು ಕಡೆ ನಯ. ಗ್ರಿಟ್ ನಂಬರ್ (ಜಾಸ್ತಿ ಇದ್ದಷ್ಟೂ ಕಲ್ಲು ನಯ) ಇರೋದು ಸಿಕ್ರೆ 400 ಮತ್ತೆ 1000 ಇರೋದು ಬೇಕಾದಷ್ಟಾಯ್ತು.

ಕಲ್ಲು ನೀರಲ್ಲಿ ಗುಳ್ಳೆ ಬರೋದು ನಿಲ್ಲೋವರೆಗೂ ನೆನೆಸಿ, ಒದ್ದೆ ಬಟ್ಟೆ ಮೇಲಿಡಿ. ಅಲಗನ್ನ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದ್ರೆ 90 ಡಿಗ್ರಿ, ಅರ್ಧ ಬಗ್ಗಿಸಿ 45, ಇನ್ನರ್ಧ ಬಗ್ಗಿಸಿ 22, ಅದಕ್ಕಿಂತ ಒಂಚೂರು ಕೆಳಗೆ, ಅಷ್ಟೇ ಬೇಕಾಗಿರೋದು, 15ರಿಂದ 20 ಡಿಗ್ರಿ. ಕೋನ ಎಷ್ಟು ಅನ್ನೋದಕ್ಕಿಂತ ಕೊನೇವರೆಗೂ ಅದನ್ನೇ ಹಿಡ್ಕೊಳೋದು ಮುಖ್ಯ. ಬುಡದಿಂದ ತುದಿವರೆಗೆ ಸವರ್ತಾ ಬನ್ನಿ, ಒಂದೇ ಕಡೆ, ಆಚೆ ಮುಖದ ಅಂಚಲ್ಲಿ ಸಣ್ಣ ಎಳೆ ಎದ್ದಿರೋದು ಬೆರಳಿಗೆ ಸಿಗೋವರೆಗೂ. ಬೆರಳನ್ನ ಬೆನ್ನಿಂದ ಅಂಚಿನ ಆಚೆಗೆ ಸವರಿ ನೋಡ್ಬೇಕು, ಅಂಚಿನ ಉದ್ದಕ್ಕಲ್ಲ. ಎಳೆ ಪೂರ್ತಿ ಉದ್ದಕ್ಕೂ ಸಿಕ್ಕಿದ ಮೇಲೇ ಮಗುಚಿ ಇನ್ನೊಂದು ಕಡೆ. ಆಮೇಲೆ ನಯದ ಮುಖದಲ್ಲಿ ಹಗುರಕ್ಕೆ ಆ ಕಡೆ ಒಂದು ಈ ಕಡೆ ಒಂದು. ಕೊನೇಗೆ ಹಳೇ ಲೆದರ್ ಬೆಲ್ಟ್‌ನ ಒಳಮುಖದ ಮೇಲೆ ಅಂಚು ಹಿಂದಾಗಿ ಎಳೆದ್ರೆ ಉಳಿದ ಎಳೆ ಹೋಗತ್ತೆ. ಸ್ವಿಸ್ ಚಾಕಿನ ಸ್ಟೀಲ್ ಗಡಸುತನ ಅಳೆಯೋ ರಾಕ್‌ವೆಲ್ ಲೆಕ್ಕದಲ್ಲಿ 56ರ ಆಸುಪಾಸು, ಮೆತ್ತಗೆ, ಬೇಗ ಮೊಂಡಾಗತ್ತೆ, ಅಷ್ಟೇ ಬೇಗ ಹರಿತಾನೂ ಆಗತ್ತೆ. ಟ್ರಿಪ್ಪಲ್ಲಿ ಕಲ್ಲಿಲ್ಲ ಅಂದ್ರೆ ಪಿಂಗಾಣಿ ಮಗ್ ಮಗುಚಿ ನೋಡಿ, ತಳದಲ್ಲಿ ಗ್ಲೇಜ್ ಇಲ್ಲದ ಒರಟು ಉಂಗುರ ಇರತ್ತೆ, ಅದ್ರ ಮೇಲೆ ನಾಲ್ಕೈದು ಸಲ ಸವರಿದ್ರೆ ಆ ದಿನದ ಟೊಮ್ಯಾಟೋಗೆ ಆಗತ್ತೆ. ಹರಿತ ನೋಡೋಕೆ ನ್ಯೂಸ್‌ಪೇಪರ್ ಕುಯ್ಯಿರಿ, ಹೆಬ್ಬೆರಳು ಬೇಡ.

ಕೈ ಕುಯ್ದ್ರೆ ನಲ್ಲಿ ನೀರಲ್ಲಿ ತೊಳ್ದು ಚೊಕ್ಕ ಬಟ್ಟೆ ಒತ್ತಿ ಹತ್ತು ನಿಮಿಷ ಬಿಡದೆ ಹಿಡೀರಿ, ಮಧ್ಯೆ ಮಧ್ಯೆ ತೆಗೆದು ನೋಡಿದ್ರೆ ಮತ್ತೆ ಶುರು. ನಿಲ್ದಿದ್ರೆ, ಬಾಯಿ ಬಿಟ್ಕೊಂಡಿದ್ರೆ, ಬೆರಳು ಮರಗಟ್ಟಿದ್ರೆ ಡಾಕ್ಟ್ರ ಹತ್ರ, ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ನೆನಪಿಲ್ಲ ಅಂದ್ರೆ ಅದನ್ನೂ ಕೇಳಿ.

ಜೊತೇಲಿ ಇಟ್ಕೊಂಡು ಓಡಾಡೋದು

2016ರ ಶಸ್ತ್ರ ನಿಯಮಗಳಲ್ಲಿ ಆಯುಧ ಅಂತ ಪಟ್ಟಿ ಮಾಡಿರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿರೋ ಚಾಕುಗಳನ್ನ, ಅದ್ರಲ್ಲೂ ಮನೆ ಬಳಕೆ, ಕೃಷಿ ಥರದ ಕೆಲಸಕ್ಕೆ ಅಂತ ಮಾಡಿದ್ದನ್ನ ಬಿಟ್ಟು. ನಮ್ಮ 3 ಇಂಚಿನ ಅಲಗು ಆ ಲೆಕ್ಕಕ್ಕೆ ಬರಲ್ಲ. ಆದ್ರೆ ನಿಯಮ ಒಂದು, ಗೇಟಲ್ಲಿ ನಿಂತಿರೋ ಸೆಕ್ಯೂರಿಟಿ ಇನ್ನೊಂದು. ಮೆಟ್ರೋ ಸ್ಟೇಷನ್ ಸ್ಕ್ಯಾನರ್‌ನಲ್ಲಿ, ಮಾಲ್‌ನಲ್ಲಿ, ಸ್ಟೇಡಿಯಂನಲ್ಲಿ ಚಾಕು ಕಂಡ್ರೆ ತಡೀತಾರೆ, ಅಲ್ಲಿ ನಿಂತು ವಾದ ಮಾಡಿದ್ರೆ ಹಿಂದೆ ಕ್ಯೂ ಬೆಳೆಯತ್ತೆ ಅಷ್ಟೇ. ಅಂಥ ಕಡೆ ಹೋಗೋ ದಿನ ಮನೇಲೇ ಬಿಡಿ. ಟ್ರಿಪ್ ಹೋಗೋವಾಗ ಜೇಬಲ್ಲಿ ಬೇಡ, ಟಿಫನ್ ಡಬ್ಬ, ಚಮಚ, ಚಿಕ್ಕ ಹಲಗೆ ಜೊತೆ ಒಂದು ಬಟ್ಟೇಲಿ ಸುತ್ತಿ ಬ್ಯಾಗಲ್ಲಿಡಿ, ಯಾರಾದ್ರೂ ತೆಗೆದು ನೋಡಿದ್ರೂ ಊಟದ ಸಾಮಾನು ಅಂತ ತಾನೇ ಗೊತ್ತಾಗತ್ತೆ, ಚಾಕೂ ಚೊಕ್ಕವಾಗಿರತ್ತೆ. ಫ್ಲೈಟ್‌ನಲ್ಲಿ ಕ್ಯಾಬಿನ್ ಬ್ಯಾಗಿಗೆ ಯಾವ ಸೈಜಿಂದೂ ಬೇಡ, ಕೀ ಚೈನ್‌ದೂ ಸೇರಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಬೆಳಗಿನ ಜಾವದ ಫ್ಲೈಟ್ ಇದ್ರೆ ಹಿಂದಿನ ರಾತ್ರೀನೇ ಬ್ಯಾಗಿನ ಸಣ್ಣ ಸಣ್ಣ ಜಿಪ್ ಎಲ್ಲ ತಡಕಿ ನೋಡ್ಬಿಡಿ, ಸೆಕ್ಯೂರಿಟಿ ಟೇಬಲ್ಲಲ್ಲಿ ಸಿಕ್ಕಿದ್ದು ವಾಪಸ್ ಬರಲ್ಲ.